ಬಟಾಣಿ ಕಾಳಿನಷ್ಟು ಪೇಸ್ಟು

ಮುಂಬಯಿಯ ಯಾವುದೇ ಉಪನಗರದ ಕಿರಾಣಿ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ತೊಗರಿಬೇಳೆ, ಸಕ್ಕರೆ, ಚಹಾಪುಡಿ ಕೇಳುವವರು ಎರಡು ಮಾತಿನಲ್ಲಿ ವ್ಯವಹಾರ ಮುಗಿಸುತ್ತಾರೆ. ಟೂತ್‌ಪೇಸ್ಟ್ ಕೇಳುವವರು ಮಾತ್ರ ಒಂದು ಕ್ಷಣ ತಡವರಿಸುತ್ತಾರೆ. ಉಪ್ಪಿನದೇ, ಲವಂಗದ್ದೇ, ಬೇವಿನದೇ, ಇದ್ದಿಲಿನದೇ? ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಇದರಲ್ಲಿ ಫ್ಲೋರೈಡ್ ಇದೆಯಾ?’ ಹೀಗೆ ಕೇಳುವವರಲ್ಲೂ ಎರಡು ಪಂಗಡ. ಇದ್ದರೆ ಮಾತ್ರ ಕೊಡಿ ಎನ್ನುವವರು ಒಂದು ಕಡೆ, ಇದ್ದರೆ ಬೇಡವೇ ಬೇಡ ಎನ್ನುವವರು ಇನ್ನೊಂದು ಕಡೆ. ಅಂಗಡಿಯವನು ಇಬ್ಬರಿಗೂ ನಗುನಗುತ್ತಲೇ ಒಂದೊಂದು ಟ್ಯೂಬ್ ಕೊಟ್ಟು ಕಳಿಸುತ್ತಾನೆ.

ನಮ್ಮ ಓದುಗರಲ್ಲೂ ಎರಡೂ ಪಂಗಡದವರಿದ್ದಾರೆ. ಮಹಾನಗರದಲ್ಲಿರುವ ಕನ್ನಡಿಗರಿಗೆ ಈ ಗೊಂದಲ ಉಳಿದವರಿಗಿಂತ ತುಸು ಹೆಚ್ಚೇ ಇರಬೇಕು. ಏಕೆಂದರೆ ನಮ್ಮಲ್ಲಿ ಹಲವರು ಫ್ಲೋರೈಡ್ ಎಂಬ ಹೆಸರನ್ನು ಮೊದಲು ಕೇಳಿದ್ದು ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ ಅಲ್ಲ, ಊರಿನ ಬೋರ್‌ವೆಲ್ಲಿನ ಬಳಿ. ಒಂದು ಕಡೆ ಅದು ಊರಿನ ನೀರು ಕೆಡಿಸಿದ ಪಿಡುಗು. ಇನ್ನೊಂದು ಕಡೆ ಹಲ್ಲನ್ನು ಕಾಪಾಡುವ ಔಷಧ. ಎರಡೂ ನಿಜ ಹೇಗಾಗುತ್ತದೆ? ಈ ಸಲ ಅದನ್ನೇ ನೋಡೋಣ.

ಮೊದಲು ನಾವು ಹಲ್ಲುಜ್ಜಿಕೊಂಡು ಬಂದ ದಾರಿಯನ್ನು ನೆನಪಿಸಿಕೊಳ್ಳಬೇಕು. ಕರಾವಳಿಯಿಂದ ಬಂದವರ ಮನೆಗಳಲ್ಲಿ ಮಾವಿನ ಎಲೆ ಮಡಚಿ ಉಜ್ಜುವುದು, ಭತ್ತದ ಹೊಟ್ಟು ಸುಟ್ಟ ಉಮಿಕರಿಗೆ ಉಪ್ಪು ಸೇರಿಸಿ ಬೆರಳಿನಿಂದ ತಿಕ್ಕುವುದು ವಾಡಿಕೆಯಾಗಿತ್ತು. ಬಯಲುಸೀಮೆಯವರಿಗೆ ಬೇವಿನ ಕಡ್ಡಿ, ಒಲೆಯ ಬೂದಿ, ಇದ್ದಿಲು. ಹಳೇ ಮೈಸೂರಿನವರ ಬಚ್ಚಲಿನ ಗೂಡಿನಲ್ಲಿ ನಂಜನಗೂಡಿನ ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಆ ಪುಡಿಯ ಹೆಸರು ಹೇಳಿದರೆ ಈಗಲೂ ಹಿರಿಯರ ಮುಖ ಅರಳುತ್ತದೆ.

ಮುಂಬಯಿಗೆ ಬಂದ ಮೇಲೆ ಮಾವಿನ ಎಲೆ ಎಲ್ಲಿಂದ ತರುವುದು? ಹೋಟೆಲಿನ ಹಿಂಬದಿಯ ಒಂದೇ ನಲ್ಲಿಯಲ್ಲಿ ಹತ್ತಾರು ಹುಡುಗರು, ಚಾಳಿನ ಸಾರ್ವಜನಿಕ ನಲ್ಲಿಯಲ್ಲಿ ಸಾಲುಗಟ್ಟಿದ ಕೊಡಗಳು. ನಿಮಿಷದೊಳಗೆ ಹಲ್ಲುಜ್ಜಿ ಜಾಗ ಬಿಡಬೇಕು. ಅಂಗೈಗೆ ಒಂದು ಚಿಟಿಕೆ ಹಲ್ಲುಪುಡಿ ಸುರಿದುಕೊಂಡರೆ ಕೆಲಸ ಆಯಿತು. 1952ರಲ್ಲಿ ಪರೇಲಿನಲ್ಲಿ ಸಣ್ಣದಾಗಿ ಶುರುವಾದ ವಿಕೋ ವಜ್ರದಂತಿಯಂಥ ಪುಡಿಗಳು ಹೀಗೆಯೇ ಮನೆಮನೆಗೆ ಬಂದವು. ಪೇಸ್ಟು, ಬ್ರಶ್ಶು ಎಂದರೆ ಸಂಬಳ ಸ್ವಲ್ಪ ಏರಿದ ಮೇಲಿನ ಮಾತು. ಈಗ ಹತ್ತು-ಇಪ್ಪತ್ತು ರೂಪಾಯಿಯ ಸಣ್ಣ ಟ್ಯೂಬ್ ಎಲ್ಲ ಕಡೆ ಸಿಗುತ್ತದೆ. ವಿಚಿತ್ರವೆಂದರೆ, ನಾವು ಹಳ್ಳಿಯಲ್ಲೇ ಬಿಟ್ಟು ಬಂದ ಇದ್ದಿಲು ಈಗ ಕಪ್ಪು ಟ್ಯೂಬಿನೊಳಗೆ ಕುಳಿತು ಮಾಲ್‌ನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಉಮಿಕರಿ ತಿಕ್ಕಿದ ಅಜ್ಜಂದಿರು ಅದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದರು. ಇದ್ದಿಲು ಕಲೆಯನ್ನು ಉಜ್ಜಿ ತೆಗೆಯುತ್ತದೆ, ಜೊತೆಗೆ ಹಲ್ಲಿನ ಮೇಲ್ಪದರವನ್ನೂ ಸವೆಸಬಹುದು. ಹುಳುಕು ತಡೆಯುವ ಗುಣ ಅದಕ್ಕಿಲ್ಲ.

ಇನ್ನು ನೀರಿನ ಕಥೆ. ನಮ್ಮ ರಾಜ್ಯದ ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಮುಂಡರಗಿ, ಕುಷ್ಟಗಿ, ಲಿಂಗಸುಗೂರಿನ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆ ಕಡಿಮೆ, ನೆಲದಡಿ ಗ್ರಾನೈಟು ಮತ್ತು ಅದರ ಜಾತಿಯ ಕಲ್ಲು. ಕೆರೆ-ಬಾವಿ ಬತ್ತಿ ಬೋರ್‌ವೆಲ್ ಆಳಕ್ಕೆ ಇಳಿದಂತೆಲ್ಲ, ಬಹುಕಾಲ ಕಲ್ಲಿನೊಡನೆ ಇದ್ದ ನೀರು ಮೇಲೆ ಬರುತ್ತದೆ. ಕಲ್ಲಿನಲ್ಲಿರುವ ಫ್ಲೋರೈಡ್ ಆ ನೀರಿನಲ್ಲಿ ಕರಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಅದನ್ನು ಮೀರಿದ ನೀರನ್ನು ಮಕ್ಕಳು ಕುಡಿದು ಬೆಳೆದರೆ ಹೊಸ ಹಲ್ಲುಗಳು ಮೊಳೆಯುವಾಗಲೇ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ. ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಎಲುಬಿಗೂ ತಟ್ಟುತ್ತದೆ. ಮಂಡಿ, ಸೊಂಟ, ಕತ್ತು ಬಿಗಿಯುತ್ತದೆ, ಬೆನ್ನು ಬಾಗುತ್ತದೆ.

ಭಾರತದಲ್ಲಿ ಇದನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ಹಳ್ಳಿಗಳಲ್ಲಿ ಬೆನ್ನು ಬಗ್ಗಿದವರನ್ನು ಪರೀಕ್ಷಿಸಿದ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಕಾರಣ ನೀರಿನ ಫ್ಲೋರೈಡ್ ಎಂದರು. ಕಾಕತಾಳೀಯ ನೋಡಿ, ಕೋಲ್ಗೇಟ್-ಪಾಮೋಲಿವ್ ಭಾರತದಲ್ಲಿ ಕಂಪನಿಯಾಗಿ ನೋಂದಣಿಯಾದದ್ದೂ ಅದೇ 1937ರಲ್ಲಿ. ಆಗಿನ್ನೂ ಪೇಸ್ಟಿಗೂ ಫ್ಲೋರೈಡಿಗೂ ನಂಟು ಬೆಸೆದಿರಲಿಲ್ಲ.

ಆ ನಂಟು ಹುಟ್ಟಿದ ಬಗೆ ಸ್ವಾರಸ್ಯಕರ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ ಬಂದ. ಊರಿನವರ ಹಲ್ಲೆಲ್ಲ ಕಂದು ಬಣ್ಣ. ನಮ್ಮ ಪಾವಗಡದವರನ್ನು ನೋಡಿದರೆ ಅವನಿಗೆ ಗುರುತು ಹತ್ತುತ್ತಿತ್ತು. ಆದರೆ ವರ್ಷಗಳು ಕಳೆದಂತೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು: ಆ ಕಲೆಬಿದ್ದ ಹಲ್ಲುಗಳು ಅಷ್ಟು ಸುಲಭವಾಗಿ ಹುಳುಕಾಗುತ್ತಿರಲಿಲ್ಲ. ಕಾರಣ ನೀರಿನ ಫ್ಲೋರೈಡ್ ಎಂದು ಎಚ್.ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು 1931ರಲ್ಲಿ. ಬಳಿಕ ಟ್ರೆಂಡ್ಲಿ ಡೀನ್ ಊರೂರಿನ ನೀರನ್ನು ಅಳೆದು, ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆ ಅಷ್ಟಾಗಿ ಬೀಳುವುದಿಲ್ಲ, ಹುಳುಕೂ ಕಡಿಮೆ ಎಂದು ತೋರಿಸಿದ. ಅಂದರೆ ಕೇಡು ಮತ್ತು ಒಳಿತು ಒಂದೇ ಬಾವಿಯ ನೀರಿನಲ್ಲಿ ಸಿಕ್ಕವು. ನಡುವಿನ ವ್ಯತ್ಯಾಸ ಅಳತೆ ಮಾತ್ರ. 1950ರ ದಶಕದಲ್ಲಿ ಫ್ಲೋರೈಡ್ ಪೇಸ್ಟು ಅಲ್ಲಿನ ಅಂಗಡಿಗೆ ಬಂತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೇ ಅದನ್ನು ಸೇರಿಸಿತು.

ಈಗ ಮುಂಬಯಿಯ ನಲ್ಲಿಗೆ ಬರೋಣ. ನಗರಕ್ಕೆ ನೀರು ಬರುವುದು ಏಳು ಜಲಾಶಯಗಳಿಂದ: ವಿಹಾರ, ತುಳಸಿ, ತಾನಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ಸುಮಾರು ಅರ್ಧದಷ್ಟು ನೀರನ್ನು ಭಾತ್ಸಾ ಒಂದೇ ಕೊಡುತ್ತದೆ. ನವಿ ಮುಂಬಯಿಗೆ ಮೋರ್ಬೆ ಅಣೆಕಟ್ಟು, ಕಲ್ಯಾಣ-ಡೊಂಬಿವಲಿ ಕಡೆಗೆ ಉಲ್ಲಾಸ್ ನದಿ. ಇದೆಲ್ಲ ಸಹ್ಯಾದ್ರಿಯ ತಪ್ಪಲಿನಲ್ಲಿ ಪ್ರತಿವರ್ಷ ಸುರಿದು ಹರಿದು ಬಂದು ನಿಂತ ಮಳೆನೀರು. ಕಲ್ಲಿನಡಿ ಕೂತು ಫ್ಲೋರೈಡ್ ಹೀರಿಕೊಳ್ಳುವಷ್ಟು ಪುರುಸೊತ್ತು ಅದಕ್ಕಿಲ್ಲ. ಅಮೆರಿಕದ ಕೆಲವು ನಗರಗಳಂತೆ ನೀರಿಗೆ ಫ್ಲೋರೈಡ್ ಬೆರೆಸುವ ಪದ್ಧತಿಯೂ ನಮ್ಮ ದೇಶದಲ್ಲಿ ಇಲ್ಲ. ಹೀಗಾಗಿ ಊರಿನಲ್ಲಿ ಬೇಡವೆಂದರೂ ಹೊಟ್ಟೆಗೆ ಇಳಿಯುತ್ತಿದ್ದ ವಸ್ತು ಇಲ್ಲಿಯ ನೀರಿನಲ್ಲಿ ಹುಡುಕಿದರೂ ಹೆಚ್ಚು ಸಿಗುವುದಿಲ್ಲ. ಚಹಾದಲ್ಲಿ ಒಂದಿಷ್ಟು ಇರುತ್ತದೆ, ಏಕೆಂದರೆ ಚಹಾ ಗಿಡ ಮಣ್ಣಿನಿಂದ ಫ್ಲೋರೈಡನ್ನು ಎಲೆಗೆ ಎಳೆದುಕೊಳ್ಳುತ್ತದೆ. ಆದರೆ ನಮ್ಮ ಕಟಿಂಗ್ ಚಹಾದಲ್ಲಿ ಅದರ ಜೊತೆಗೇ ಬರುವ ಸಕ್ಕರೆಯ ಲೆಕ್ಕವನ್ನೂ ಇಡಬೇಕಲ್ಲ!

ಈ ಅಳತೆಯ ಮಾತು ಪುಸ್ತಕದ ಮಾತಲ್ಲ ಎಂದು ನನಗೆ ಮನದಟ್ಟಾದದ್ದು ಡೊಂಬಿವಲಿಯ ನಮ್ಮ ಪರಿಚಯದ ಒಂದು ಮನೆಯಲ್ಲಿ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಐದು ವರ್ಷದ ಮಗ, ಎರಡು ವರ್ಷದ ಮಗಳು. ಮಕ್ಕಳನ್ನು ನೋಡಿಕೊಳ್ಳಲು ಮುಂಡರಗಿ ತಾಲ್ಲೂಕಿನ ಹಳ್ಳಿಯಿಂದ ಅಜ್ಜಿ ಬಂದಿದ್ದಾರೆ. ಮೊಮ್ಮಗನ ನಾಲ್ಕು ದವಡೆ ಹಾಲುಹಲ್ಲು ಹುಳುಕಾಗಿ, ರಾತ್ರಿಯೆಲ್ಲ ಕೆನ್ನೆ ಹಿಡಿದು ಅಳುವುದು. ದಂತವೈದ್ಯೆ ನೋಡಿ ಫ್ಲೋರೈಡ್ ಇರುವ ಪೇಸ್ಟು ಬಳಸಿ ಎಂದರು. ಮನೆಗೆ ಬಂದ ಮೇಲೆ ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ.

‘ಆ ಫ್ಲೋರೈಡ್ ನೀರಾಗ ಇದ್ದು ನಮ್ಮೂರಾಗ ಎಷ್ಟ ಮಂದಿ ಸೊಂಟಾ ಬಗ್ಗಿಸೇತಿ ಗೊತ್ತೈತೇನು ನಿಮಗ? ನಮ್ಮ ಅಣ್ಣ ನಲವತ್ತು ವರ್ಷಕ್ಕ ಕೋಲು ಹಿಡದಾ. ಅದನ್ನ ಪೇಸ್ಟಿನ್ಯಾಗ ಹಾಕಿ ಕೂಸಿನ ಬಾಯಾಗ ಇಡ್ತೀರಿ?’

ಸೊಸೆಗೆ ಉತ್ತರ ಹೊಳೆಯಲಿಲ್ಲ. ‘ಡಾಕ್ಟರ್ ಹೇಳ್ಯಾರ ಅತ್ತಿ’ ಎಂದಷ್ಟೇ ಅಂದಳು. ಡಾಕ್ಟರು ಹೇಳಿದ್ದಾರೆ ಎಂಬುದು ಕಣ್ಣಾರೆ ಕಂಡವರ ಮುಂದೆ ನಿಲ್ಲುವ ಉತ್ತರವಲ್ಲ. ಅಜ್ಜಿಯದು ವಾಟ್ಸಾಪ್‌ನಿಂದ ಬಂದ ಭಯವೂ ಅಲ್ಲ. ಅವರ ಅಣ್ಣ ಹಿಡಿದ ಕೋಲು ನಿಜ, ಅವರ ಮುಂದಿನ ಹಲ್ಲುಗಳ ಮೇಲಿನ ಕಂದು ಗೆರೆಯೂ ನಿಜ. ಇಂಥವರಿಗೆ ‘ನಿಮಗೆ ಗೊತ್ತಾಗುವುದಿಲ್ಲ ಸುಮ್ಮನಿರಿ’ ಎನ್ನುವುದು ಅನ್ಯಾಯ.

ಮುಂದಿನ ಭೇಟಿಗೆ ಅಜ್ಜಿಯನ್ನೂ ಕರೆದುಕೊಂಡು ಹೋದರು. ವೈದ್ಯೆ ಮರಾಠಿಯವರು, ಅಜ್ಜಿಗೆ ಬರುವುದು ಗದಗಿನ ಕನ್ನಡ, ನಡುವೆ ಮಗನ ಅನುವಾದ. ಆಕೆ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರಂತೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ಎಂದಿಟ್ಟುಕೊಳ್ಳಿ. ಬಿಸಿಲಿನಲ್ಲಿ ಹೊಲ ಮಾಡುವವರು ದಿನಕ್ಕೆ 4 ಲೀಟರ್ ನೀರು ಕುಡಿದರೂ 12 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಅಡುಗೆಯ ನೀರಿನದು ಬೇರೆ. ಹೀಗೆ ವರ್ಷಕ್ಕೆ 365 ದಿನ, ಇಡೀ ಆಯುಷ್ಯ. ಈಗ ಪೇಸ್ಟು: ನಮ್ಮ ದೇಶದ ನಿಯಮದಂತೆ ಅದರಲ್ಲಿ 1000 ಪಿಪಿಎಂಗಿಂತ ಹೆಚ್ಚು ಫ್ಲೋರೈಡ್ ಇರಕೂಡದು. ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ ತೂಗುತ್ತದೆ, ಅದರಲ್ಲಿರುವುದು ಕಾಲು ಮಿಲಿಗ್ರಾಂ. ದಿನಕ್ಕೆ ಎರಡು ಸಲ ಉಜ್ಜಿ ಒಂದು ಹನಿಯೂ ಉಗುಳದೆ ನುಂಗಿದರೂ ಅರ್ಧ ಮಿಲಿಗ್ರಾಂ. ಉಗುಳಿದರೆ ಅದರಲ್ಲೂ ಬಹುಪಾಲು ಬೇಸಿನ್ನಿಗೆ ಹೋಗುತ್ತದೆ.

ಅಜ್ಜಿ ಸ್ವಲ್ಪ ಹೊತ್ತು ಆ ಚೀಟಿಯನ್ನೇ ನೋಡಿ, ‘ಬಟಾಣಿ ಅಂದ್ರ ಹಸೀದೋ ಒಣಗಿದ್ದೋ?’ ಎಂದು ಕೇಳಿದರಂತೆ. ಕೊನೆಗೆ ತಾವೇ ಅಳತೆ ಗೊತ್ತುಮಾಡಿದರು: ಮೊಮ್ಮಗನಿಗೆ ಕಡಲೆ ಕಾಳಿನಷ್ಟು, ಎರಡು ವರ್ಷದ ಮೊಮ್ಮಗಳಿಗೆ ಜೋಳದ ಕಾಳಿನಷ್ಟು. ಬ್ರಶ್ಶಿಗೆ ಪೇಸ್ಟು ಹಚ್ಚುವ ಹಕ್ಕು ಆ ಮನೆಯಲ್ಲಿ ಈಗ ಅವರದೊಬ್ಬರದೇ. ಮಕ್ಕಳ ಕೈಗೆ ಟ್ಯೂಬ್ ಸಿಗುವುದಿಲ್ಲ. ಅಮೆರಿಕದ ದಂತವೈದ್ಯರ ಸಂಘ 2014ರಿಂದ ಹೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಅವರ ಅಕ್ಕಿ ನಮ್ಮ ಅಜ್ಜಿಯ ಕೈಯಲ್ಲಿ ಜೋಳವಾಯಿತು, ಅಷ್ಟೇ.

ಹಾಗಾದರೆ ಬಾಯಲ್ಲಿ ಅದು ಮಾಡುವ ಕೆಲಸವೇನು? ಸಿಹಿ ಅಥವಾ ಹಿಟ್ಟಿನ ಪದಾರ್ಥ ತಿಂದಾಗಲೆಲ್ಲ ಹಲ್ಲಿಗೆ ಅಂಟಿದ ಪಾಚಿಯಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಹುಳಿಯಾಗಿಸುತ್ತವೆ. ಆ ಹುಳಿಗೆ ಹಲ್ಲಿನ ಹೊರಪದರದ ಸುಣ್ಣದಂಶ ಕರಗುತ್ತದೆ. ಸ್ವಲ್ಪ ಹೊತ್ತು ಬಾಯಿಗೆ ಬಿಡುವು ಸಿಕ್ಕರೆ ಜೊಲ್ಲು ಹುಳಿಯನ್ನು ತೊಳೆದು, ಕರಗಿದ ಅಂಶವನ್ನು ಮರಳಿ ತುಂಬುತ್ತದೆ. ದಿನಕ್ಕೆ ಹಲವು ಸಲ ನಡೆಯುವ ಸವೆತ ಮತ್ತು ರಿಪೇರಿ ಇದು. ಜೊಲ್ಲಿನಲ್ಲಿ ತುಸು ಫ್ಲೋರೈಡ್ ಇದ್ದರೆ ರಿಪೇರಿ ಬೇಗ ಆಗುತ್ತದೆ, ಹಾಗೆ ಕಟ್ಟಿದ ಪದರ ಮೊದಲಿಗಿಂತ ಹೆಚ್ಚು ಹುಳಿಯನ್ನು ತಡೆದುಕೊಳ್ಳುತ್ತದೆ. ಆದ್ದರಿಂದ ಪೇಸ್ಟಿನ ಫ್ಲೋರೈಡ್ ಕೆಲಸ ಮಾಡುವುದು ಹಲ್ಲಿನ ಮೇಲೆ. ಹೊಟ್ಟೆಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಇದರಿಂದ ನಮ್ಮ ದಿನಚರಿಗೆ ಒಂದೆರಡು ಪಾಠಗಳಿವೆ. ಮುಂಬಯಿಯ ಬಾಯಿಗೆ ಬಿಡುವೇ ಇಲ್ಲ. ಬೆಳಗ್ಗೆ ಚಹಾ-ಬಿಸ್ಕತ್ತು, ಸ್ಟೇಶನ್ನಿನಲ್ಲಿ ವಡಾಪಾವ್, ಆಫೀಸಿನಲ್ಲಿ ಎರಡು ಕಟಿಂಗ್, ಸಂಜೆ ಲೋಕಲ್‌ನಲ್ಲಿ ಚಿಕ್ಕಿಯೋ ಫರಸಾಣವೋ, ರಾತ್ರಿ ಮತ್ತೆ ಚಹಾ. ಒಟ್ಟು ಎಷ್ಟು ಸಕ್ಕರೆ ತಿಂದೆವು ಎನ್ನುವಷ್ಟೇ ಮುಖ್ಯ, ಎಷ್ಟು ಸಲ ತಿಂದೆವು ಎನ್ನುವುದು. ಸಲಸಲಕ್ಕೂ ಹುಳಿ ಏಳುತ್ತದೆ, ರಿಪೇರಿಗೆ ಪುರುಸೊತ್ತು ಸಿಗುವುದಿಲ್ಲ. ಡೊಂಬಿವಲಿಯ ಆ ಮಗುವಿಗೂ ಮಲಗುವಾಗ ಹಾಲಿನ ಬಾಟಲಿ, ಹಠ ಮಾಡಿದಾಗಲೆಲ್ಲ ಕ್ರೀಮ್ ಬಿಸ್ಕತ್ತು. ಇವನ್ನು ಹಾಗೆಯೇ ಇಟ್ಟುಕೊಂಡು ಪೇಸ್ಟನ್ನು ಮಾತ್ರ ಬದಲಿಸಿದರೆ ಹೆಚ್ಚಿನ ಲಾಭವಿಲ್ಲ ಎಂದು ವೈದ್ಯೆ ಮೊದಲೇ ಹೇಳಿದ್ದರು.

ಎರಡನೆಯದು ರಾತ್ರಿಯ ಮಾತು. ನಾವು ಬೆಳಗ್ಗೆ ಹಲ್ಲುಜ್ಜುವುದನ್ನು ವ್ರತದಂತೆ ಪಾಲಿಸುತ್ತೇವೆ, ರಾತ್ರಿ ಮಾತ್ರ ಸೋಮಾರಿತನ. ವಿರಾರ್ ಲೋಕಲ್‌ನಲ್ಲಿ ನಿಂತು ಬಂದು, ಊಟ ಮಾಡಿ, ಹಾಸಿಗೆ ಹಾಸುವ ಹೊತ್ತಿಗೆ ಯಾರಿಗೆ ಬ್ರಶ್ಶು ಹಿಡಿಯುವ ಚೈತನ್ಯ? ಮಧ್ಯರಾತ್ರಿ ಶಟರ್ ಎಳೆಯುವ ಹೋಟೆಲ್ ಹುಡುಗರ ಪಾಡಂತೂ ಕೇಳುವುದೇ ಬೇಡ. ಆದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ ಊರುತ್ತದೆ, ರಿಪೇರಿಯ ಕೆಲಸ ನಿಧಾನವಾಗುತ್ತದೆ. ದಿನಕ್ಕೆ ಎರಡು ಸಲ ಉಜ್ಜುವುದೇ ಸರಿ. ಎರಡರಲ್ಲಿ ಯಾವುದನ್ನೂ ಬಿಡಕೂಡದ್ದು ಎಂದರೆ ರಾತ್ರಿಯದು.

ಮೂರನೆಯದು ನಮ್ಮವರಿಗೆ ತುಂಬ ಕಷ್ಟದ್ದು: ಉಜ್ಜಿದ ಮೇಲೆ ಉಗುಳಿ, ಆದರೆ ನೀರು ಹಾಕಿ ಮುಕ್ಕಳಿಸಬೇಡಿ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯ ಸಲಹೆ ಇದು. ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡನ್ನು ಆಗಲೇ ಒಂದು ಚೊಂಬು ನೀರಿನಲ್ಲಿ ತೊಳೆದುಬಿಟ್ಟರೆ ಹಚ್ಚಿದ್ದೇನು ಬಂತು? ಆದರೆ ನಾವು ಮೂರು ಮನೆಗೆ ಕೇಳುವಂತೆ ಗಂಟಲು ಸಾಫ್ ಮಾಡದೆ ಬೆಳಗಾಯಿತು ಎಂದು ಒಪ್ಪುವವರಲ್ಲ! ಬಾಯಿ ಮುಕ್ಕಳಿಸದಿದ್ದರೆ ಎಂಜಲು, ಮೈಲಿಗೆ ಎನ್ನುವ ಭಾವನೆ ಬೇರೆ. ಇದಕ್ಕೊಂದು ಉಪಾಯವಿದೆ. ಮುಕ್ಕಳಿಸುವುದು, ನಾಲಿಗೆ ಹೆರೆಯುವುದು, ಖ್ಯಾಕರಿಸುವುದು ಎಲ್ಲವನ್ನೂ ಮೊದಲೇ ಮುಗಿಸಿಬಿಡಿ. ಕೊನೆಗೆ ಹಲ್ಲುಜ್ಜಿ, ನೊರೆ ಉಗುಳಿ, ತುಟಿ ಒರೆಸಿಕೊಂಡು ಹೊರಬನ್ನಿ. ನಾಲ್ಕು ದಿನ ಬಾಯಿ ಅಂಟಂಟು ಅನ್ನಿಸುತ್ತದೆ, ಐದನೆಯ ದಿನಕ್ಕೆ ರೂಢಿಯಾಗುತ್ತದೆ. ರಾತ್ರಿಯಾದರೂ ಹೀಗೆ ಮಾಡಿದರೆ ಸಾಕಷ್ಟು ಲಾಭ.

ಹಾಗೆಯೇ ಪೇಸ್ಟಿನ ಪ್ರಮಾಣ. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಹಾವಿನಂತೆ ಮಲಗಿದ ಪೇಸ್ಟನ್ನು ನೋಡಿ ನೋಡಿ ನಮಗೂ ಅದೇ ಅಭ್ಯಾಸವಾಗಿದೆ. ಅದು ಟ್ಯೂಬು ಬೇಗ ಖಾಲಿಯಾಗಲು ಒಳ್ಳೆಯದು. ದೊಡ್ಡವರಿಗೂ ಬಟಾಣಿಗಿಂತ ತುಸು ಹೆಚ್ಚು ಸಾಕು. ನೊರೆ ಹೆಚ್ಚು ಬಂದರೆ ಹೆಚ್ಚು ಶುದ್ಧ ಎಂಬುದೂ ಭ್ರಮೆ. ನೊರೆ ಬರುವುದು ಪೇಸ್ಟಿನಲ್ಲಿರುವ ಸೋಪಿನ ಜಾತಿಯ ವಸ್ತುವಿನಿಂದ. ಹಲ್ಲುಜ್ಜಿದ ಕೂಡಲೇ ಕಿತ್ತಳೆ ರಸ ಕುಡಿದರೆ ಕಹಿಯಾಗುವುದೂ ಅದರಿಂದಲೇ, ಫ್ಲೋರೈಡಿನಿಂದಲ್ಲ.

ಕೊಳ್ಳುವಾಗ ಏನು ನೋಡಬೇಕು? ಟ್ಯೂಬಿನ ತುದಿಯಲ್ಲಿ ಹಸಿರು ಪಟ್ಟಿ ಇದ್ದರೆ ಗಿಡಮೂಲಿಕೆ, ಕಪ್ಪಿದ್ದರೆ ಪೂರಾ ರಾಸಾಯನಿಕ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಅದು ಸುಳ್ಳು. ಟ್ಯೂಬನ್ನು ಎಲ್ಲಿ ಕತ್ತರಿಸಿ ಮುಚ್ಚಬೇಕೆಂದು ಯಂತ್ರಕ್ಕೆ ತಿಳಿಸುವ ಗುರುತು ಅದು. ಓದಬೇಕಾದದ್ದು ಬೇರೆ. ಸೋಡಿಯಂ ಮೋನೋಫ್ಲೋರೋಫಾಸ್ಫೇಟ್, ಸೋಡಿಯಂ ಫ್ಲೋರೈಡ್, ಸ್ಟ್ಯಾನಸ್ ಫ್ಲೋರೈಡ್ ಎಂಬುದರಲ್ಲಿ ಯಾವುದಾದರೂ ಒಂದು ಇದ್ದರೆ ಅದು ಫ್ಲೋರೈಡ್ ಪೇಸ್ಟು. ಎಷ್ಟು ಪಿಪಿಎಂ ಎಂಬುದನ್ನೂ ಮುಗಿಯುವ ತಾರೀಕನ್ನೂ ಟ್ಯೂಬ್ ಮತ್ತು ಡಬ್ಬಿ ಎರಡರ ಮೇಲೂ ಮುದ್ರಿಸಬೇಕೆಂದು ಕಾನೂನೇ ಹೇಳುತ್ತದೆ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡೇ ಹೋಗಿ. ದುಬೈಯಿಂದ, ಲಂಡನ್ನಿನಿಂದ ನೆಂಟರು ತಂದುಕೊಡುವ ಟ್ಯೂಬಿನ ಮೇಲೆ 1450 ಎಂದಿದ್ದರೆ ಗಾಬರಿ ಬೇಡ. ಯುರೋಪಿನ ಮಿತಿ 1500. ದೊಡ್ಡವರು ಬಳಸಬಹುದು, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಮಕ್ಕಳದೆಂದು ಮಾರುವ ಸ್ಟ್ರಾಬೆರಿ ಪೇಸ್ಟುಗಳಲ್ಲಿ ಕೆಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ, ಇನ್ನು ಕೆಲವದರಲ್ಲಿ ಕಡಿಮೆ ಇರುತ್ತದೆ. ಚಿತ್ರ ನೋಡಿ ಕೊಳ್ಳದೆ ಅಂಕಿ ನೋಡಿ ಕೊಳ್ಳಿ. ಸಿಹಿ ರುಚಿಯಿರುವುದರಿಂದ ಮಕ್ಕಳು ಅದನ್ನು ಚಪ್ಪರಿಸಿ ನುಂಗದಂತೆ ಪಕ್ಕದಲ್ಲಿ ಒಬ್ಬರು ನಿಲ್ಲಲೇಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನವರ ಬಗ್ಗೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ರಾಯಚೂರು, ಯಾದಗಿರಿ, ಕೊಪ್ಪಳ, ಗದಗಿನ ಕಡೆಯಿಂದ ಇಲ್ಲಿಗೆ ದುಡಿಯಲು ಬಂದ ಎಷ್ಟೋ ಹುಡುಗರು ನಗುವಾಗ ತುಟಿ ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ಅಂಗೈ ಅಡ್ಡ ಹಿಡಿಯುತ್ತಾರೆ. ಹಲ್ಲಿನ ಮೇಲಿನ ಕಂದು ಗೆರೆ ನೋಡಿದವರು ಗುಟ್ಕಾ ತಿನ್ನುತ್ತಾನೆ, ಹಲ್ಲೇ ಉಜ್ಜುವುದಿಲ್ಲ ಎಂದುಕೊಳ್ಳುತ್ತಾರೆ. ಕೆಲಸದ ಸಂದರ್ಶನದಲ್ಲೂ, ಹೆಣ್ಣು ನೋಡಲು ಹೋದಲ್ಲೂ ಇದೇ ಅನುಮಾನ. ಹುಡುಗಿಯರಿಗಂತೂ ಇನ್ನೂ ಕಷ್ಟ. ಆ ಗೆರೆ ಬಿದ್ದದ್ದು ಹಲ್ಲು ಇನ್ನೂ ವಸಡಿನೊಳಗಿದ್ದಾಗ, ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನಿಂದ. ಅದಕ್ಕೂ ಅವರ ಶುಚಿತ್ವಕ್ಕೂ ಸಂಬಂಧವಿಲ್ಲ. ಆ ಗೆರೆಯನ್ನು ಕಂಡು ಗಹಗಹಿಸುವ ಮುನ್ನ ನಮ್ಮ ಊರಿಗೆ ಸರಿಯಾದ ನೀರು ಯಾವಾಗ ಬಂತು ಎಂದು ಲೆಕ್ಕ ಹಾಕಿ ನೋಡಬೇಕು.

ಆ ಕಲೆ ಗಟ್ಟಿಯಾಗಿ ಉಜ್ಜಿದರೆ ಹೋಗುವುದಿಲ್ಲ. ಇದ್ದಿಲು, ಉಪ್ಪು, ನಿಂಬೆಹುಳಿ, ಅಡುಗೆ ಸೋಡಾ ಹಾಕಿ ತಿಕ್ಕಿದರೆ ಕಲೆ ಉಳಿದು ಹಲ್ಲು ಸವೆಯುತ್ತದೆ. ದೊಡ್ಡವರಾದ ಮೇಲೆ ಬಳಸುವ ಫ್ಲೋರೈಡ್ ಪೇಸ್ಟಿನಿಂದ ಆ ಕಲೆ ಹೆಚ್ಚುವುದೂ ಇಲ್ಲ, ಅಳಿಯುವುದೂ ಇಲ್ಲ. ಬೇಕೆಂದರೆ ದಂತವೈದ್ಯರು ಮೇಲ್ಪದರವನ್ನು ತೆಳುವಾಗಿ ಒರೆಯುವುದು, ಬಣ್ಣ ತಿಳಿ ಮಾಡುವುದು, ಹಲ್ಲಿನದೇ ಬಣ್ಣದ ಲೇಪ ಕೂರಿಸುವುದು ಮುಂತಾದ ಚಿಕಿತ್ಸೆ ಮಾಡುತ್ತಾರೆ. ಖಾಸಗಿಯಲ್ಲಿ ಅದಕ್ಕೆ ಸಾವಿರಗಟ್ಟಲೆ ಬೇಕು. ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜು ಇವೆ. ಸರದಿ ಕಾಯಬೇಕು, ಆದರೆ ಕೈಗೆಟಕುತ್ತದೆ. ನಿಮ್ಮ ಪರಿಚಯದ ಹುಡುಗರಿಗೆ ಇಷ್ಟು ತಿಳಿಸಿದರೂ ಉಪಕಾರವೇ.

ಬೇಸಿಗೆ ರಜೆಗೆ ಮಕ್ಕಳನ್ನು ಇಂಥ ಊರಿಗೆ ಕಳಿಸುವವರು ಒಂದು ಎಚ್ಚರ ವಹಿಸಬೇಕು. ಕುಡಿಯಲು, ಅಡುಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಆರ್‌ಒ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ, ಮನೆಯ ಸಾದಾ ಕ್ಯಾಂಡಲ್ ಫಿಲ್ಟರ್ ತೆಗೆಯುವುದಿಲ್ಲ. ಅಲ್ಲೇ ನೆಲೆಸಿ ಬೆಳೆಯುವ ಪುಟ್ಟ ಮಕ್ಕಳಿಗೆ ಯಾವ ಪೇಸ್ಟು ಎಂಬುದನ್ನು ನೀರಿನ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ಅಲ್ಲಿಯ ದಂತವೈದ್ಯರಲ್ಲೇ ಕೇಳಬೇಕು. ಡೊಂಬಿವಲಿಯ ಅಳತೆ ಮುಂಡರಗಿಗೆ ಹೊಂದಬೇಕೆಂದಿಲ್ಲ, ಮುಂಡರಗಿಯ ಭಯ ಡೊಂಬಿವಲಿಗೆ ಹೊಂದದಂತೆಯೇ.

ಇನ್ನು ಭಯಪಡಲೇಬೇಕಾದದ್ದು ಏನಾದರೂ ಇದ್ದರೆ ಅದು ಮಿಶ್ರಿ. ಹೊಗೆಸೊಪ್ಪನ್ನು ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಈ ಅಭ್ಯಾಸ ಮಹಾರಾಷ್ಟ್ರದಲ್ಲಿ ಹಳೆಯದು. ನಮ್ಮ ಗಡಿಭಾಗದ ಹಳ್ಳಿಗಳಲ್ಲೂ ಇದೆ, ಚಾಳುಗಳಲ್ಲಿ ನಮ್ಮ ಹೆಂಗಸರೂ ಕಲಿತಿದ್ದಾರೆ. ಹಲ್ಲುನೋವಿಗೆ ಎಂದು ಶುರುವಾಗಿ ಚಟವಾಗುತ್ತದೆ. ತಂಬಾಕು ಸೇರಿದ ಹಲ್ಲುಪುಡಿ, ಪೇಸ್ಟುಗಳನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿತು. ಮನೆಯ ತವೆಯ ಮೇಲೆ ಹುರಿಯುವುದನ್ನು ಯಾರು ತಡೆಯುತ್ತಾರೆ? ಅದು ತರುವುದು ಬಾಯಿಯ ಕ್ಯಾನ್ಸರ್. ಫ್ಲೋರೈಡ್ ವಿಷವೆಂದು ಹೆದರಿ ಪೇಸ್ಟು ಬಿಟ್ಟವರು ಬೆಳಗ್ಗೆ ಎದ್ದು ಮಿಶ್ರಿ ತಿಕ್ಕುತ್ತಿದ್ದರೆ ಅದಕ್ಕಿಂತ ದುಃಖದ ವಿಷಯ ಇನ್ನೊಂದಿಲ್ಲ.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ವಲಸೆ ಬಂದವರ ಮಟ್ಟಿಗೆ ಅಕ್ಷರಶಃ ನಿಜವಾಗಿದೆ. ಹರೆಯದಲ್ಲಿ ಇಲ್ಲಿಗೆ ಬಂದು, ಹೊತ್ತಿಗೆ ಸರಿಯಾಗಿ ಉಣ್ಣದೆ, ಹಲ್ಲುನೋವಿಗೆ ಲವಂಗ ಒತ್ತಿಕೊಂಡು ರಜೆ ಹಾಕದೆ ದುಡಿದವರು, ಮಕ್ಕಳು ನೆಲೆ ನಿಂತು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ರೂಟ್ ಕೆನಾಲ್, ಹಲ್ಲಿನ ಸೆಟ್ಟು ಎಂದು ಅಲೆಯುತ್ತಿದ್ದಾರೆ. ಅವರ ಕಾಲದಲ್ಲಿ ಅವರಿಗೆ ಹೇಳುವವರಿರಲಿಲ್ಲ. ಮುಂದಿನ ತಲೆಮಾರಿಗೆ ಆ ನೆಪ ಇಲ್ಲ. ಊರಿನ ನೀರಿನಲ್ಲಿ ಎಷ್ಟಿದೆ, ಇಲ್ಲಿಯ ಟ್ಯೂಬಿನಲ್ಲಿ ಎಷ್ಟಿದೆ ಎಂದು ಕೇಳಿ ತಿಳಿದುಕೊಂಡರೆ ಸಾಕು. ಇವತ್ತು ರಾತ್ರಿ ಮಲಗುವ ಮೊದಲು ಮನೆಯಲ್ಲಿರುವ ಟ್ಯೂಬನ್ನು ಒಮ್ಮೆ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಆಮೇಲೆ ಬಟಾಣಿಯಷ್ಟು ಹಚ್ಚಿಕೊಂಡು, ನಿಧಾನವಾಗಿ ಎರಡು ನಿಮಿಷ ಉಜ್ಜಿ.